ಐದಕ್ಕೊಂದು ಮನೆ

ಇಲ್ಲ, ಇಲ್ಲ... ಆಟಿ ಕಳೆಯಲಿ ಅಂತ ಮಾತ್ರ ಹೇಳಬೇಡಿ ಭಟ್ರೆ! ಬೇರೆ ಎಂತ ಬೇಕಾದರೂ ಹೇಳಿ. ಹೋಳಿಗೆ ಬೇಡ, ಪಾಯಸ ಒಂದೇ ಸಾಕು ಅಂತ ಹೇಳಿ, ಒಪ್ತೇನೆ. ಬಾಳೆಎಲೆ ಹರಿದದ್ದೇ ಸಿಗುದು ಅಂತ ಹೇಳಿ, ಅದಕ್ಕೂ ಒಪ್ತೇನೆ. ಮಳೆಗಾಲದ ಈ ಆಟಿ ತಿಂಗಳಲ್ಲಿ ಶುಭದ ಊಟ ಯಾರೂ ಇಡುದಿಲ್ಲ ಅಂತ ನನಗೂ ಗೊತ್ತುಂಟು, ಆದರೆ ಆಟಿ ಕಳೆದು ಮುಂದಿನ ತಿಂಗಳು ನೋಡುವ ಅಂದರೆ ಮಾತ್ರ ಆಗುದಿಲ್ಲ. ಈ ಆದಿತ್ಯವಾರ, ಮಧ್ಯಾಹ್ನ, ಇದೇ ಅಂಗಳದಲ್ಲಿ ನೂರು ಎಲೆ ಊಟ. ಅಡಿಗೆ ನಿಮ್ಮದು. ಅಷ್ಟೆ.

ಆಯ್ತು, ನೂರಲ್ಲ. ಎಷ್ಟು ಅಂತ ಮತ್ತೆ ಹೇಳುವ. ಮೊದಲು ಆ ಕುರ್ಚಿಯಲ್ಲಿ ಸರಿ ಕೂತುಕೊಳ್ಳಿ ಮಾರಾಯ್ರೆ, ತುದಿಯಲ್ಲಿ ಕೂತರೆ ಅದು ಮಗುಚುತ್ತದೆ. ಬೆಲ್ಲ ನೀರು ಎದುರಿಗೇ ಉಂಟು. ಬೆಲ್ಲ ಬಾಯಿಗೆ ಹಾಕಿದರೆ ಒಪ್ಪಿದ ಹಾಗೆ ಆಗ್ತದೆ ಅಂತ ಮುಟ್ಟದೆ ಕೂತಿದ್ದೀರಲ್ಲ? ಗೊತ್ತಾಗ್ತದೆ ನನಗೆ.

ಮನೆ ಹುಡುಕಲಿಕ್ಕೆ ಕಷ್ಟ ಆಯ್ತಾ? ನಾನು ಫೋನಿನಲ್ಲಿ ಸರಿಯಾಗಿಯೇ ಹೇಳಿದ್ದೆ. ಕಬಕದಿಂದ ವಿಟ್ಲದ ಕಡೆ ಬಂದು, ಕಬೀರನ ಅಂಗಡಿಯ ಹತ್ತಿರ ಈ ಓಣಿಗೆ ತಿರುಗಿ. ಶೀನಪ್ಪಣ್ಣನ ಮಾಳಿಗೆ ಮನೆ ಸಿಗ್ತದೆ. ಅದು ಕಳೆದು ಲತೀಶನದ್ದು, ಅಸ್ಕರನದ್ದು, ಹಳೆ ಹೆಂಚಿನ ಮನೆ, ಜಯಪ್ರಕಾಶ್ ಮಾಸ್ಟ್ರದ್ದು, ಮತ್ತೆ ನನ್ನದು. ಮಾಸ್ಟ್ರ ಮನೆಯಲ್ಲಿ ಕೇಳಿದಿರಾ? ಎಂತ ಹೇಳಿದರು? 'ಸ್ಕೂಟಿ ಸೀತಕ್ಕನ ಮನೆಗಾ? ಅಲ್ಲಿ ನಿಮಗೆಂತ ಕೆಲಸ?' ಅಂತ ಕೇಳಿದರಾ?

ನಗ್ತೀರಿ. ಕೇಳಿದ್ದಾರೆ ಹಾಗಾದರೆ.

ಕೇಳಲಿ ಬಿಡಿ. ಅಡಿಗೆ ಭಟ್ರು ಈ ಗೇಟಿನ ಒಳಗೆ ಬಂದದ್ದು ಇದೇ ಮೊದಲು. ಅವರಿಗೂ ಆಶ್ಚರ್ಯ ಆಗುದಿಲ್ಲವಾ? ಪುತ್ತೂರಿನಲ್ಲಿ ಇನ್ನು ಇಬ್ಬರಿಗೆ ಫೋನ್ ಮಾಡಿದ್ದೆ ನಾನು, ಸುಳ್ಳು ಯಾಕೆ ಹೇಳುದು. ಒಬ್ಬರು 'ಆಟಿಯಲ್ಲಿ ಒಲೆ ಹಚ್ಚುದಿಲ್ಲ' ಅಂದರು. ಇನ್ನೊಬ್ಬರು ನಕ್ಕು ಫೋನ್ ಇಟ್ಟರು. ನೀವು ಬಂದಿರಿ. ಮಗಳ ಮುಖ ನೋಡಿ ಬಂದಿರಿ, ಅದೂ ಗೊತ್ತುಂಟು.

ನೆನಪುಂಟಾ ಭಟ್ರೆ, ಆ ಮೈದಾನ? ನಿಮ್ಮ ಅನಘಾ ನನ್ನ ಹತ್ತಿರ ಸ್ಕೂಟಿ ಕಲಿಯುವಾಗ ನೀವು ಗೋಳಿಮರದ ಕೆಳಗೆ ನಿಂತು ಕಣ್ಣು ಮುಚ್ಚಿಕೊಳ್ತಿದ್ದಿರಿ. ನೂರಾರು ಜನಕ್ಕೆ ಬಡಿಸುವವರು, ಮಗಳು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅಷ್ಟು ಹೆದರಿಕೆ! ಅವಳೂ ಹಾಗೆಯೇ. 'ಸೀತಕ್ಕ ಬಿಡಬೇಡಿ, ಸೀತಕ್ಕ ಬಿಡಬೇಡಿ' ಅಂತ ಬೊಬ್ಬೆ. ನಾನು ಬಿಟ್ಟು ಆಗಲೇ ಅರ್ಧ ಸುತ್ತು ಆಗಿತ್ತು! ತಿರುಗಿ ನೋಡಿದರೆ ನಾನು ಮರದ ಹತ್ತಿರ ನಿಮ್ಮ ಪಕ್ಕದಲ್ಲಿ. ಹೆದರಿ ಬೀಳ್ತಾಳೆ ಅಂದುಕೊಂಡೆ. ಬೀಳಲಿಲ್ಲ. ನಕ್ಕಳು.

ಎಷ್ಟು ಹೆಂಗಸರಿಗೆ ಕಲಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ ನಾನು. ಟೀಚರುಗಳು, ನರ್ಸುಗಳು, ಹೊಸ ಮದುಮಗಳಂದಿರು, ಬ್ಯಾಂಕಿನವರು. ಕಡಬದಿಂದ, ಸುಳ್ಯದಿಂದ ಬಸ್ಸು ಹತ್ತಿ ಬಂದು ಕಲಿತವರು ಉಂಟು. ಕಲಿಯುವಷ್ಟು ದಿನ ಸೀತಕ್ಕ ಸೀತಕ್ಕ. ಕಲಿತ ಮೇಲೆ ರಸ್ತೆಯಲ್ಲಿ ಒಂದು ಹಾರ್ನ್. ಕೈ ಎತ್ತಲಿಕ್ಕೂ ಆಗುದಿಲ್ಲ ಪಾಪ, ಎರಡು ಕೈಯೂ ಹ್ಯಾಂಡಲಿನಲ್ಲೇ ಇರಬೇಕು ಅಂತ ನಾನೇ ಕಲಿಸಿದ್ದು! ಬೇಜಾರಿಲ್ಲ. ಕಲಿತವರು ತಿರುಗಿ ಬರಬಾರದು. ಬಂದರೆ ನಾನು ಸರಿ ಕಲಿಸಲಿಲ್ಲ ಅಂತ ಆಗ್ತದೆ.

ಅನಘಾ ಒಬ್ಬಳು ತಿರುಗಿ ಸಿಕ್ಕಿದಳು. ಅದೂ ಎಲ್ಲಿ? ಕ್ಲಾಸಿನಲ್ಲಿ! ನಾನು ಬೆಂಚಿನಲ್ಲಿ, ಅವಳು ಬೋರ್ಡಿನ ಎದುರು. 'ಬಿ.ಕಾಂ. ಸ್ಟ್ಯಾಟಿಸ್ಟಿಕ್ಸ್, ಶನಿವಾರದ ಕ್ಲಾಸು, ನಾನೇ ತೆಗೊಳ್ಳುದು' ಅಂದಳು. ನನ್ನನ್ನು ನೋಡಿ ಚಾಕ್ ಕೈಯಿಂದ ಬಿತ್ತು. 'ಸೀತಕ್ಕ, ನೀವು ಇಲ್ಲಿ ಎಂತ ಮಾಡುದು?' ಅಂತ. 'ಕಲೀಲಿಕ್ಕೆ ಬಂದದ್ದು ಮೇಡಂ, ಬಿಡಬೇಡಿ' ಅಂದೆ. ಇಡೀ ಕ್ಲಾಸು ನಕ್ಕಿತು. ಅವಳನ್ನೂ ನನ್ನನ್ನೂ ಬಿಟ್ಟು ಯಾರಿಗೂ ಅದರ ಅರ್ಥ ಗೊತ್ತಿಲ್ಲ.

ಈ ಪ್ರಾಯದಲ್ಲಿ ಡಿಗ್ರಿ ಯಾಕೆ ಅಂತ ನೀವು ಕೇಳಲಿಲ್ಲ ನೋಡಿ. ಸಂತೋಷ. ಎಲ್ಲರೂ ಕೇಳ್ತಾರೆ. ಕಾಣಿಯೂರಿನಲ್ಲಿ ನನ್ನ ಅಣ್ಣ ಕೇಳಿದ, 'ನಿನಗೆ ಇನ್ನು ಯಾರು ಕೆಲಸ ಕೊಡ್ತಾರೆ?' ಕೆಲಸ ಯಾರು ಕೇಳಿದ್ದು! ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಶೋರೂಮಿನಲ್ಲಿ ಗಾಡಿ ಒರೆಸುವ ಕೆಲಸದಿಂದ ಸುರು ನನ್ನದು. ಒರೆಸಿದ ಗಾಡಿ ಓಡಿಸಲಿಕ್ಕೆ ಯಾರೂ ಕಲಿಸಲಿಲ್ಲ, ನಾನೇ ಕಲಿತೆ, ಮೊಣಕಾಲಿನ ಕಲೆ ಈಗಲೂ ಉಂಟು. ಓದುದೂ ಹಾಗೆಯೇ. ಮೈದಾನದಲ್ಲಿ ಅವರು ಸುತ್ತು ಹಾಕುವಾಗ ನಾನು ಮರದ ಕೆಳಗೆ ಲೈಬ್ರರಿಯ ಪುಸ್ತಕ. ತಲೆ ಎತ್ತಬೇಕಾಗಿಲ್ಲ, ಇಂಜಿನಿನ ಸದ್ದಿನಲ್ಲೇ ಗೊತ್ತಾಗ್ತದೆ ಯಾರು ಎಲ್ಲಿ ಬ್ರೇಕ್ ಹಾಕಲಿಲ್ಲ ಅಂತ. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿದೆ. ಪಿಯುಸಿ ಕಟ್ಟಿದೆ. ಈಗ ಇದು. ಎಲ್ಲ ಪೇಪರೂ ಆಯ್ತು, ಈ ಸ್ಟ್ಯಾಟಿಸ್ಟಿಕ್ಸ್ ಒಂದು...

ಅದೂ ಆಯ್ತು. ಆದ ಹಾಗೆಯೇ. ಅದರ ಲೆಕ್ಕದಲ್ಲೇ ಈ ಊಟ. ಡಿಗ್ರಿ ಆದ ಲೆಕ್ಕದಲ್ಲಿ.

ಎಂತ? ನಾನು ಎಂತ ಹೇಳಿದರೂ ನೀವು 'ಸಂತೋಷ ಸೀತಮ್ಮ' ಅಂತ ಒಂದು ಮಾತು ಹೇಳಲಿಲ್ಲ. ಪುತ್ತೂರಿನ ಭಟ್ರು ಇಷ್ಟು ಬಿಗಿ ಅಂತ ಗೊತ್ತಿರಲಿಲ್ಲ ನನಗೆ.

ಹೌದು, ಎಲೆಯ ಲೆಕ್ಕ. ಬರ್ತೇನೆ, ಬರ್ತೇನೆ. ನಿಮ್ಮ ಮಗಳು ಕಲಿಸಿದ ಕ್ರಮದಲ್ಲೇ ಹೇಳ್ತೇನೆ, ಹೆಮ್ಮೆ ಪಡಿ.

ಸುರುವಿಗೆ ಸರಾಸರಿ. ಅದು ನನಗೆ ಗೊತ್ತಿದ್ದದ್ದೇ ಅಂತ ನನ್ನ ಅಹಂಕಾರ. 'ಮೇಡಂ, ಸರಾಸರಿ ಎಲ್ಲ ಪೊಕ್ಕಡೆ, ಕೆಲಸಕ್ಕೆ ಬಾರದ್ದು. ಒಬ್ಬಳು ಗಿಡ್ಡ, ಒಬ್ಬಳು ಉದ್ದ, ಸರಾಸರಿ ಎತ್ತರಕ್ಕೆ ಸೀಟು ಮಾಡಿದರೆ ಇಬ್ಬರ ಕಾಲೂ ನೆಲಕ್ಕೆ ಸರಿ ತಾಗುದಿಲ್ಲ' ಅಂದೆ. ದೊಡ್ಡದು ಕಡಿದು ಹಾಕಿದವಳ ಹಾಗೆ. ಅವಳು ನಕ್ಕು, 'ಸೀತಕ್ಕ, ಅದಕ್ಕೇ ಮುಂದಿನ ಪಾಠ ಇರುದು, ಆ ಪುಟ ತಿರುಗಿಸಿ' ಅಂದಳು. ತಿರುಗಿಸಿದರೆ ನಾನು ಹೇಳಿದ್ದೇ ಅಲ್ಲಿ ಅಚ್ಚಾಗಿತ್ತು, ನನ್ನಿಂದ ಚಂದವಾಗಿ. ಯಾರು ಎಷ್ಟು ದೂರ ಇದ್ದಾರೆ ಅಂತ ಅಳೆಯುವ ಲೆಕ್ಕ ಅದು. ನಡುವಿನಿಂದ ಯಾರು ಎಷ್ಟು ದೂರ. ಮೂರು ಶನಿವಾರ ಬೇಕಾಯ್ತು ನನಗೆ. ಪಕ್ಕದ ಬೆಂಚಿನ ಸುಪ್ರಿತಾ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಉತ್ತರ ತೋರಿಸಿದಳು. ಬೇಡ ಅಂದೆ. ಕೈಯಲ್ಲೇ ಮಾಡಿದೆ. ತಪ್ಪಿತು. ಪುನಃ ಮಾಡಿದೆ. ಪುನಃ ತಪ್ಪಿತು. ಮಂಡೆಬೆಚ್ಚ ಅಂದರೆ ಅದು! ಆದರೆ ಬಂದ ದಿನ... ಸರಿ ಉತ್ತರ ಬಂದ ದಿನ ಭಟ್ರೆ, ಯಾರಿಗಾದರೂ ಹೇಳಬೇಕು ಅಂತ ಅಂಗಳಕ್ಕೆ ಬಂದೆ. ಮಾಸ್ಟ್ರು ಗಿಡಕ್ಕೆ ಮಣ್ಣು ಏರಿಸ್ತಾ ಇದ್ದರು. 'ಊಟ ಆಯ್ತಾ ಸೀತಮ್ಮ?' ಅಂದರು. 'ಆಯ್ತು' ಅಂದೆ. ಒಳಗೆ ಬಂದೆ.

ಅದಿರಲಿ.

ಆಮೇಲೆ ಅವಳು ಒಂದು ಕೆಲಸ ಕೊಟ್ಟಳು. ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಹಿಡಿದು ಮೂವತ್ತು ಮನೆಗೆ ಹೋಗಬೇಕು, ಉತ್ತರ ತರಬೇಕು, ಲೆಕ್ಕ ಮಾಡಿ ಕೊಡಬೇಕು. ಅದು ಕೊಡದಿದ್ದರೆ ಪಾಸಿಲ್ಲ. ಪರಿಚಯದವರ ಮನೆ, ಕಾಫಿ ಸಿಗುವ ಮನೆ ಅಂತ ಆರಿಸಿಕೊಳ್ಳಬಾರದು. ಒಂದು ಕಡೆ ಸುರು ಮಾಡಿ ಐದಕ್ಕೊಂದು ಮನೆ. ಐದನೇದು ಯಾರದ್ದು ಬರ್ತದೋ ಅವರದ್ದೇ. ಆ ಮನೆಯವರ ಮುಖ ಆಗುದಿಲ್ಲ ಅಂತ ಪಕ್ಕದ ಮನೆಗೆ ಹೋದರೆ ಇಡೀ ಲೆಕ್ಕ ಹಾಳು.

ಬೇರೆಯವರ ಪ್ರಶ್ನೆ ಕೇಳಿದರೆ ನೀವು ನಗ್ತೀರಿ. ಮೊಬೈಲು ಎಷ್ಟು ಗಂಟೆ ನೋಡ್ತೀರಿ, ಹಲ್ಲಿಗೆ ಯಾವ ಪೇಸ್ಟು. ನಾನು ಕೇಳಿದ್ದು... ಸುಮ್ಮನೆ ತಲೆಗೆ ಬಂದದ್ದು ಅದು, ಅದಕ್ಕೆ ಕಾರಣ ಗೀರಣ ಇಲ್ಲ. 'ಕಳೆದ ತಿಂಗಳು ನಿಮ್ಮ ಮನೆಯಲ್ಲಿ ಹೊರಗಿನವರು ಎಷ್ಟು ಜನ ಕೂತು ಊಟ ಮಾಡಿದರು?' ಅಷ್ಟೆ. ಅನಘಾ ಬೇಡ ಅಂದಳು. 'ಕಳೆದ ತಿಂಗಳು ಅಂದರೆ ಅರ್ಧ ಆಟಿ ಸೀತಕ್ಕ, ಆಟಿಯಲ್ಲಿ ಯಾರ ಮನೆಗೂ ಯಾರೂ ಬರುದಿಲ್ಲ, ಎಲ್ಲರದ್ದೂ ಸೊನ್ನೆ ಬರ್ತದೆ. ಕಳೆದ ದೀಪಾವಳಿಯಿಂದ ಇಲ್ಲಿವರೆಗೆ ಅಂತ ಕೇಳಿ.' ಸರಿಯೇ ಅವಳು ಹೇಳಿದ್ದು, ಹಾಗೆಯೇ ಬದಲಿಸಿದೆ. ನನಗೆ ಮಾತ್ರ ತಿಂಗಳ ಪ್ರಶ್ನೆಯೇ ಚಂದ ಇತ್ತು ಅಂತ ಕಂಡಿತು. ಎಲ್ಲರದ್ದೂ ಸೊನ್ನೆ ಬಂದರೆ ಎಂತ ಹೋಯ್ತು? ಆಟಿ ಒಂದು ಒಳ್ಳೆ ತಿಂಗಳು ಭಟ್ರೆ. ಯಾರ ಮನೆಗೂ ಯಾರೂ ಬರುದಿಲ್ಲ. ಎಲ್ಲರೂ ಸಮ.

ಆ ದಿನ ಕ್ಲಾಸಿಗೆ ಉಡುವ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ ಹೊರಟೆ. ಕಬೀರನ ಅಂಗಡಿಯ ಪಕ್ಕದಿಂದ ಸುರು. ಮೊದಲಿನದ್ದು ದೇವಕಿಯಮ್ಮನ ಮನೆ. ಗೇಟು ತೆಗೆಯುವಾಗಲೇ ಅವರು ಜಗಲಿಯಿಂದ ಎದ್ದರು. ಸೊಸೆಯನ್ನು ಕರೆದರು. 'ನವ್ಯಾ, ಬೆಲ್ಲ ನೀರು ತಾ, ಸೀತಮ್ಮ ಹೇಳಿಕೆಗೆ ಬಂದಿದ್ದಾಳೆ!'

ನೋಡಿ! ಸೀರೆ ಉಟ್ಟು ಚೀಲ ಹಾಕಿ ಒಬ್ಬಳು ಮನೆಮನೆಗೆ ಬಂದಳು ಅಂದರೆ ನಮ್ಮ ಊರಿನವರಿಗೆ ಬೇರೆ ಎಂತ ತೋಚುತ್ತದೆ? ಊಟಕ್ಕೆ ಕರೆಯಲಿಕ್ಕೇ ಬಂದದ್ದು. ಆಟಿಯಲ್ಲಿ ಹೇಳಿಕೆ ಯಾರು ಹೋಗ್ತಾರೆ ಅಂತ ಯೋಚನೆ ಸಹ ಮಾಡಲಿಲ್ಲ ಆ ಮುದುಕಿ. ನನ್ನ ಕೈ ಹಿಡಿದು ಕೂರಿಸಿದರು. 'ಈ ಓಣಿಗೆ ಬಂದು ಇಷ್ಟು ವರ್ಷ ಆಯ್ತು, ಒಮ್ಮೆ ಆದರೂ ಹೇಳಿದೆಯಾ ನೀನು? ಕಡೆಗೂ ಬಂದೆಯಲ್ಲ. ಯಾವತ್ತು? ಎಂತ ವಿಶೇಷ?'

ಅಲ್ಲ ಅಮ್ಮ, ನಾನು ಒಂದು ಪ್ರಶ್ನೆ ಕೇಳಲಿಕ್ಕೆ ಬಂದದ್ದು ಅಂತ ಹೇಳಬೇಕಿತ್ತು. ಬಾಯಿಯ ತುದಿಯಲ್ಲಿತ್ತು. ಅಷ್ಟರಲ್ಲಿ ಸೊಸೆ ಬೆಲ್ಲ ಇಟ್ಟು, ಸೆರಗು ಸರಿ ಮಾಡಿಕೊಂಡು ಎದುರು ನಿಂತಿದ್ದಾಳೆ, ಹೇಳಿಕೆ ಕೇಳುವಾಗ ನಿಲ್ಲುವ ಹಾಗೆ... ನಾನು ಹೇಳಿದೆ. 'ಬರುವ ವಾರ ಆದಿತ್ಯವಾರ. ಮನೆಯವರೆಲ್ಲ ಬರಬೇಕು. ನನ್ನ ಡಿಗ್ರಿ ಆದ ಲೆಕ್ಕದಲ್ಲಿ ಒಂದು ಊಟ.'

ನಗಿ, ನಗಿ. ನಾನೂ ರಸ್ತೆಗೆ ಬಂದು ಒಬ್ಬಳೇ ನಕ್ಕೆ.

ಮತ್ತೆ ಬಿಡಲಿಕ್ಕೆ ಆಗ್ತದಾ? ಒಂದು ಮನೆಗೆ ಹೇಳಿ ಇನ್ನೊಂದು ಮನೆಯಲ್ಲಿ ಬರೀ ಪ್ರಶ್ನೆ ಕೇಳಿ ಬಂದರೆ? ಸಂಜೆಯೊಳಗೆ ಗೊತ್ತಾಗ್ತದೆ ಓಣಿಗೆಲ್ಲ. ಹೋದ ಹೋದ ಮನೆಯಲ್ಲೆಲ್ಲ ಬೆಲ್ಲ ತಿಂದೆ, ಹೇಳಿಕೆ ಹೇಳಿದೆ, ಆಮೇಲೆ ಮೆಲ್ಲ ಪ್ರಶ್ನೆ ಕೇಳಿದೆ. ಈ ಓಣಿ, ಆಚೆಯ ಕಾಲನಿ, ಎಲ್ಲ. ಚಂದ ಮಾತಾಡಿದರು ಮಾರಾಯ್ರೆ! ಯಾರು ಬಂದರು, ಎಂತ ಉಂಡರು, ಯಾವ ಅತ್ತೆಗೆ ಪಾಯಸ ಸಾಕಾಗಲಿಲ್ಲ ಅಂತ ಸಿಟ್ಟು ಬಂತು... ಊಟದ ವಿಷಯ ಕೇಳಿದರೆ ನಮ್ಮವರ ಬಾಯಿ ನಿಲ್ಲುದಿಲ್ಲ.

ಶೀನಪ್ಪಣ್ಣನ ಮನೆಯೂ ಬಂತು ಐದರ ಲೆಕ್ಕದಲ್ಲಿ. ಅವರ ಮಗಳ ಮದುವೆ ಊಟ ಮನೆಯಲ್ಲೇ ಆದದ್ದಲ್ಲವಾ? ನೀವೇ ಅಲ್ಲವಾ ಅಡಿಗೆಗೆ? ಆ ಒಂದು ಮದುವೆಯಿಂದ ನನ್ನ ಮೂವತ್ತು ಮನೆಯ ಸರಾಸರಿ ಎಲ್ಲಿಗೆ ಹೋಯ್ತು ಗೊತ್ತುಂಟಾ? ಲೆಕ್ಕದ ಪ್ರಕಾರ ಈ ಊರಿನ ಪ್ರತಿ ಮನೆಯಲ್ಲೂ ವಾರ ವಾರ ನೆಂಟರು! ಲೆಕ್ಕದ ಪ್ರಕಾರ ನನ್ನ ಮನೆಯಲ್ಲೂ... ಅಲ್ಲ, ಯಾರ ಮನೆಯಲ್ಲಾದರೂ. ಅನಘಾ ಹೇಳಿದಳು, 'ಇಂಥಾ ಕಡೆ ಸರಾಸರಿ ನಂಬಬೇಡಿ, ಎಲ್ಲ ಮನೆಯನ್ನು ಸಾಲಾಗಿ ನಿಲ್ಲಿಸಿ ನಡುವಿನ ಮನೆ ಯಾವುದು ನೋಡಿ.' ಈ ಕಡೆಯ ತುದಿಯಲ್ಲಿ ಶೀನಪ್ಪಣ್ಣ. ಆ ಕಡೆಯ ತುದಿಯಲ್ಲಿ... ಯಾರೋ ಒಬ್ಬರು ಇರ್ತಾರೆ. ಇರಲೇಬೇಕಲ್ಲ, ಸಾಲು ಅಂದ ಮೇಲೆ ತುದಿ ಇಲ್ಲದೆ ಆಗ್ತದಾ?

ನೀರಾದರೂ ಕುಡಿಯಿರಿ ಭಟ್ರೆ.

ಬಡಿಸುವವರಾ? ಇದ್ದಾರೆ, ಇದ್ದಾರೆ. ನನ್ನ ಹತ್ತಿರ ಕಲಿತ, ನನ್ನ ಜೊತೆ ಕಲಿತ ಹುಡುಗಿಯರು ಇಲ್ಲವಾ? ಸುಪ್ರಿತಾ ಬರ್ತೇನೆ ಅಂತ ಮೆಸೇಜು ಹಾಕಿದ್ದಾಳೆ. 'ನೋಡುವ ಸೀತಕ್ಕ' ಅಂತ ಹಾಕಿದ್ದಾಳೆ. ಒಂದೇ ಅದು. ಅಣ್ಣನಾ? ಇಲ್ಲ. ಅವನಿಗೆ ಹೇಳಲಿಲ್ಲ. ಹೇಳಿದರೂ ಬರುದಿಲ್ಲ. ಈ ಮನೆ ಕಟ್ಟಿದಾಗಲೇ ಮಾತು ಬಿಟ್ಟಿದ್ದಾನೆ.

ಅದು ನಿಮಗೆ ಗೊತ್ತಿಲ್ಲ ಅಲ್ಲವಾ. ಈ ಮನೆಗೆ ಒಕ್ಕಲು ಆಗಲಿಲ್ಲ, ಗೃಹಪ್ರವೇಶದ ಪೂಜೆ ಊಟ ಎಂತದೂ ಇಲ್ಲ. ಪುರೋಹಿತರು ಬಂದು, 'ಹೋಮಕ್ಕೆ ಜೋಡಿ ಕೂರಬೇಕು. ನೀವು ಒಬ್ಬರೇ. ಅಣ್ಣ ಅತ್ತಿಗೆಯನ್ನು ಕೂರಿಸಿ' ಅಂದರು. ಪಾಪ, ಅವರ ಕ್ರಮ ಅವರು ಹೇಳಿದರು. ಅಣ್ಣ ಆಗಲೇ ಹೊಸ ಪಂಚೆ ತೆಗೊಂಡಾಗಿತ್ತು. ನಾನು ಹೇಳಿದೆ, ಕಲ್ಲು ಹೊತ್ತದ್ದು ನಾನು, ಬಿಸಿಲಿಗೆ ಮೈದಾನದಲ್ಲಿ ಓಡಿ ದುಡಿದದ್ದು ನಾನು, ಕೂರುವಾಗ ಮಾತ್ರ ಬೇರೆಯವರು ಯಾಕೆ? ಬೇಡ ಹೋಮ. ಬೇಡ ಊಟ. ಬೆಳಿಗ್ಗೆ ಎದ್ದು ಹಾಲು ಉಕ್ಕಿಸಿದೆ, ಒಳಗೆ ಬಂದೆ. ಅಷ್ಟೂ ಹಾಲು ನಾನೊಬ್ಬಳೇ ಕುಡಿದೆ. ಹೊಟ್ಟೆ ನೋವು ಬಂತು, ಅದು ಬೇರೆ.

ಒಕ್ಕಲಿಗೆ ಕರೆಯದ ಮನೆಗೆ ಜನ ಹೇಗೆ ಬರುದು ಹೇಳಿ? ಅವರದ್ದೂ ತಪ್ಪಲ್ಲ. ಗೇಟಿನ ಹತ್ತಿರ ನಿಂತು ಮಾತಾಡ್ತಾರೆ, ಸ್ಕೂಟಿಯ ಸಮಯ ಕೇಳ್ತಾರೆ, ಹೋಗ್ತಾರೆ. ನಾನು ಎಲ್ಲರ ಮನೆಗೂ ಹೋಗ್ತೇನೆ, ಮದುವೆ, ಸೀಮಂತ, ಸತ್ತವರ ಬೊಜ್ಜ, ಯಾವುದೂ ತಪ್ಪಿಸುದಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಬರ್ತೇನೆ. ನಿಮ್ಮ ಮೆಣಸ್ಕಾಯಿ ಎಷ್ಟು ಕಡೆ ಉಂಡಿದ್ದೇನೆ! ತಿರುಗಿ ಒಂದು ಊಟ ಹಾಕಬೇಕಲ್ಲ? ಈ ಮನೆಗೆ ಬೀಗ ಸಹ ತೆಗೊಂಡಿಲ್ಲ ಭಟ್ರೆ ನಾನು. ಕಳ್ಳರು ಬಂದರೂ ಬರಲಿ, ಬಂದವರಿಗೆ ಒಂದು ಲೋಟ ಚಾ ಕೊಟ್ಟೇನು ಅಂತ ತಮಾಷೆ ಮಾಡ್ತಾ ಇರ್ತೇನೆ.

ಯಾಕೆ, ಇದಕ್ಕೆ ನಗಲಿಲ್ಲ?

ಸರಿ. ಎಲೆ. ಮನೆಗೆ ಮೂರು ಜನ ಅಂತ ಹಿಡಿಯಿರಿ... ಜಾಸ್ತಿ ಆಯ್ತಾ? ಎರಡು? ಆಟಿ ಅಂತ ಕೆಲವರು ಬರದಿದ್ದರೆ? ಹೇಳಿಕೆ ಸುಮ್ಮನೆ ತಮಾಷೆಗೆ ಅಂತ ಕೆಲವರು ತಿಳಿದಿದ್ದರೆ? ನಿಮ್ಮ ಅನುಭವದಲ್ಲಿ ಹೇಳಿ ಭಟ್ರೆ, ಹೇಳಿಕೆ ತೆಗೊಂಡವರಲ್ಲಿ ಎಷ್ಟು ಜನ ಬರ್ತಾರೆ? ಅರ್ಧ? ...ಒಬ್ಬರಾದರೂ ಬರ್ತಾರಲ್ಲ? ಒಬ್ಬರು ಬಂದರೂ ಸಾಕು ನನಗೆ. ಅಲ್ಲ, ಸಾಕು ಅಂದರೆ... ಅಡಿಗೆ ಹಾಳಾಗುದಿಲ್ಲ ಅಂತ ಹೇಳಿದ್ದು.

ಮುಂದಿನ ವಾರ? ಅಯ್ಯೋ, ಪುನಃ ಅಲ್ಲಿಗೇ ಬಂದಿರಲ್ಲ! ಆಗುದಿಲ್ಲ ಅಂದೆನಲ್ಲ. ಸೋಮವಾರ ಕಡೇ ದಿನ.

ಯಾವುದರದ್ದಾ? ...ಯಾವುದರದ್ದೂ ಅಲ್ಲ.

ಎಂತ? ಪುನಃ ಹೇಳಿ. ಯಾವ ಮನೆ ಬಾಕಿ ಅಂತಲಾ?

ಅನಘಾ ಹೇಳಿದಳಾ? ಮನೆಯಲ್ಲಿ ನನ್ನ ವಿಷಯ ಎಲ್ಲ ಮಾತಾಡ್ತಾಳಾ ಅವಳು? ಬೇಜಾರಲ್ಲ, ಸುಮ್ಮನೆ ಕೇಳಿದೆ. ಎಲ್ಲರೂ ಕೊಟ್ಟಾಗಿದೆ, ಸೀತಕ್ಕನದ್ದು ಮಾತ್ರ ಬಂದಿಲ್ಲ, ಇಪ್ಪತ್ತೊಂಬತ್ತು ಮನೆ ಆಗಿದೆ, ಒಂದು ಮನೆ ಸಿಗುದಿಲ್ಲವಂತೆ ಅಂತ... ಹೌದು. ಅದಕ್ಕೇ ನೀವು ಸಂತೋಷ ಅಂತ ಹೇಳದೆ ಕೂತದ್ದು. ಡಿಗ್ರಿ ಇನ್ನೂ ಆಗಲಿಲ್ಲ ಅಂತ ನಿಮಗೆ ಬರುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಬಂದಿರಿ.

ಬೀಗ ಭಟ್ರೆ. ಆ ಮನೆಗೆ ಬೀಗ. ನಾನು ಹೋದಾಗಲೆಲ್ಲ ಬೀಗ. ನಿಮ್ಮ ಮಗಳಿಗೂ ಹಾಗೆಯೇ ಹೇಳಿದ್ದು. 'ಉತ್ತರ ಸಿಗಲಿಲ್ಲ ಅಂತ ಬರೆದು ಕೊಡಿ ಸೀತಕ್ಕ, ಅದಕ್ಕೂ ಒಂದು ಕ್ರಮ ಉಂಟು' ಅಂದಳು. ನಾನು ಆಗುದಿಲ್ಲ ಅಂದೆ. ಉತ್ತರ ಉಂಟು. ಸಿಗ್ತದೆ. ಸೋಮವಾರ ತರ್ತೇನೆ ಅಂದೆ. ಅವರು... ಆ ಮನೆಯವರು ಆದಿತ್ಯವಾರ ಇರ್ತಾರಂತೆ.

ಮಳೆ ಬರ್ತದಾ ಅಂತ ನೋಡುದಾ? ಇಲ್ಲ, ಈಗ ಬರುದಿಲ್ಲ. ಹೌದು, ಶೀನಪ್ಪಣ್ಣನ ಮಾಳಿಗೆ ಇಲ್ಲಿಂದ ಕಾಣ್ತದೆ.

ಬೆರಳು ಯಾಕೆ ಮಡಚುದು ಭಟ್ರೆ? ಎಲೆ ಲೆಕ್ಕವಾ?

ಅದು ಲತೀಶನದ್ದು... ಎಲೆ ಲೆಕ್ಕ ಮಾಡುವವರು ಓಣಿ ಯಾಕೆ ನೋಡುದು? ಪಾಯಸ ಯಾವುದು ಅಂತ ಹೇಳಲಿಲ್ಲ ನೀವು. ಕಡ್ಲೆಬೇಳೆಯದ್ದು ಆಗಬಹುದಾ? ಅದು ಅಸ್ಕರನದ್ದು. ಅಥವಾ ಹೆಸರುಬೇಳೆ? ಭಟ್ರೆ, ಇಲ್ಲಿ ನೋಡಿ, ನಾನು ಮಾತಾಡುದು ನಿಮ್ಮ ಹತ್ತಿರ. ಹೆಂಚಿನ ಮನೆ... ಅಲ್ಲಿ ಈಗ ಬಾಡಿಗೆಯವರು ಇದ್ದಾರೆ. ಮಾಸ್ಟ್ರದ್ದು...

ದಮ್ಮಯ್ಯ. ಆ ಹೆಬ್ಬೆರಳು ಹಾಗೇ ಇರಲಿ.

ನಗಿ ಭಟ್ರೆ. ಇಷ್ಟು ಹೊತ್ತು ನಗ್ತಾ ಇದ್ದಿರಿ.

ತಲೆ ಬಗ್ಗಿಸಿ ಎಣಿಸಿಕೊಂಡು ಬಂದೆ ಭಟ್ರೆ ನಾನು. ಐದು ಅಂತ ಹೇಳಿ ಗೇಟಿಗೆ ಕೈ ಹಾಕಿದೆ. ಕೊಂಡಿ ಇಲ್ಲದ, ನನ್ನದೇ ಗೇಟು. ಆಗ ತಲೆ ಎತ್ತಿದ್ದು. ಒಳಗೆ ಬಂದು, ನೀವು ಕೂತ ಕುರ್ಚಿಯಲ್ಲೇ ಕೂತೆ. ಪಕ್ಕದ ಮನೆಗೆ ಹೋಗಬಾರದಲ್ಲ. ಕೇಳಬೇಕಲ್ಲ. ಬಾಯಿ ಬಿಟ್ಟೇ ಕೇಳಿದೆ, ಎಲ್ಲರ ಮನೆಯಲ್ಲಿ ಕೇಳಿದ ಹಾಗೆ. ಕಳೆದ ದೀಪಾವಳಿಯಿಂದ ನಿಮ್ಮ ಮನೆಯಲ್ಲಿ ಹೊರಗಿನವರು ಎಷ್ಟು ಜನ ಕೂತು ಊಟ ಮಾಡಿದರು? ದೀಪಾವಳಿಯಿಂದ ಅಂತ ಯಾಕೆ... ಮನೆ ಕಟ್ಟಿದಲ್ಲಿಂದ ಅಂತ ಕೇಳಿದರೂ ಅದೇ.

ಸೊನ್ನೆ ಬರೆಯಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. ಎರಡು ಅಂತಲೂ ಬರೆಯಬಹುದಿತ್ತು, ಯಾರು ನೋಡ್ತಾರೆ? ಎರಡೂ ಬರೆಯಲಿಲ್ಲ. ದೇವಕಿಯಮ್ಮನಿಗೆ ಹೇಳಿ ಆಗಿತ್ತಲ್ಲ, ಆದಿತ್ಯವಾರ ಅಂತ. ಬಾಯಿ ತಪ್ಪಿ ಹೇಳಿದ್ದೇ ನಿಜ ಆಗಲಿ ಅಂದುಕೊಂಡೆ. ಒಬ್ಬರು ಉಂಡು ಕೈ ತೊಳೆದರೂ ಸೋಮವಾರ ಬರೆಯಬಹುದು. ಸುಳ್ಳು ಆಗುದಿಲ್ಲ.

ಬೀಗ ಅಂದದ್ದು ಒಂದು ಸುಳ್ಳು.

...

ಆ ಬೆಲ್ಲ ಬೇಡ ಭಟ್ರೆ, ಬಾಯಿಗೆ ಹಾಕಬೇಡಿ, ಇರುವೆ ಹತ್ತಿದೆ ನೋಡಿ ಅದಕ್ಕೆ. ತಡೆಯಿರಿ... ಏಳಬೇಡಿ, ಕೂತುಕೊಳ್ಳಿ. ಬೇರೆ ತರ್ತೇನೆ.